ನಳಾ ಕಾಯುವ ಯಂತ್ರ, ಯಂತ್ರ ಕಾಯುವ ಕಾಶೀರಾಮ

ಬೀದರಿನ ಆ ಓಣಿಯಲ್ಲಿ ನಳಕ್ಕೆ ನೀರು ಬರುವ ಮುಹೂರ್ತವನ್ನು ಯಾರೂ ಮೊದಲೇ ಹೇಳಲಾರರು. ಬಂದಾಗ ಓಡಿಹೋಗಿ ಮೋಟಾರು ಹಾಕಬೇಕು. ತಪ್ಪಿದರೆ ಮುಖ ತೊಳೆಯಲಿಕ್ಕೂ ನೆರೆಮನೆ ಅಕ್ತರಬೀಯ ಕೊಡವೇ ಗತಿ. ಹೀಗಾಗಿ ಕಾಶೀರಾಮರ ಹೆಂಡತಿ ಶಾಲುಬಾಯಿ ಮದುವೆಯಾದಾಗಿನಿಂದ ಒಂದು ಕಿವಿಯನ್ನು ನಳಕ್ಕೇ ಒತ್ತೆಯಿಟ್ಟಿದ್ದರು. ಔರಾದಿನ ತವರಿಗೆ ಹೋದರೂ ಊಟಕ್ಕೆ ಕೂತಲ್ಲೇ ಮರಳುವ ಬಸ್ಸು ಕೇಳುತ್ತಿದ್ದರು.

ಈ ಸಲ ಅಲ್ಲಿ ಅವರ ಅಣ್ಣ ಕೈಲಾಶನ ಹೊಸ ಮನೆಯ ಪ್ರವೇಶ. "ಈ ಸಾರಿ ರಾತ್ರಿ ವಸ್ತಿ ಇದ್ದೇ ಬರ್ತೇನಿ. ನೀರಿಂದು ನೀವು ನೋಡ್ಕೋರಿ" ಎಂದರು.

"ನಾ ಯಾಕ ನೋಡಲಿ? ಯಂತ್ರ ನೋಡ್ತದ!" ಎಂದು ಕಾಶೀರಾಮರು ಘೋಷಿಸಿದರು. ಅವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವರು (ಹುಡುಗರು ಕೇಳುತ್ತಾರೆಂದು ಯಾರೂ ಹೇಳಿಲ್ಲ). ಬೇಸಿಗೆ ರಜೆ ಬೇರೆ.

ಹುಣಸೆಬೀಜದಷ್ಟು ಎಲೆಕ್ಟ್ರಾನಿಕ್ ಚಿಪ್ಪು, ಎರಡು ಸೆಲ್ಲು, ಒಂದು ಕರೆಗಂಟೆ: ಇಷ್ಟೇ ಯಂತ್ರ. ಸೆಲ್ಲು ಉಳಿಯಲೆಂದು ಚಿಪ್ಪು ನಿದ್ದೆ ಮಾಡಬೇಕು, ಆಗಾಗ ಎದ್ದು ನಳ ನೋಡಿ ಮತ್ತೆ ಮಲಗಬೇಕು. ಒಂದು ನಿಮಿಷ ನೀರು ಬರುತ್ತಲೇ ಇದ್ದರೆ ಗಂಟೆ ಬಾರಿಸಬೇಕು. ಪರೀಕ್ಷೆಗೆ ಅನುಕೂಲವಾಗಲೆಂದು, ಲ್ಯಾಪ್‌ಟಾಪಿಗೆ ತಂತಿ ಕಟ್ಟಿದಾಗ ಮಾತ್ರ ಅದು ಮಲಗದಂತೆ ಪ್ರೋಗ್ರಾಂ ಬರೆದಿದ್ದರು. ತಂತಿ ಕಟ್ಟಿದರೆ ಓಣಿಗೆಲ್ಲ ಕೇಳುವಂತೆ ಬಾರಿಸಿತು. ತಂತಿ ಕಿತ್ತರೆ ಕೊಡಗಟ್ಟಲೆ ಸುರಿದರೂ ಮೌನವ್ರತ!

"ಯಾರರೆ ನೋಡ್ಲಿಕತ್ತರ ಕೆಲಸ, ಇಲ್ಲಂದ್ರ ನಿದ್ದಿ" ಎಂದರು ಶಾಲುಬಾಯಿ. "ಹಡದ ಅಪ್ಪನ ಗುಣ ಎಲ್ಲಿ ಹೋಗ್ತದರಿ?"

"ನೀ ಬಸ್ಸು ಹತ್ತು. ನಿಂಗ ತಿಳಿಯೋ ವಿಷಯ ಅಲ್ಲ ಇದು."

ಶಾಲುಬಾಯಿ ಹೋದರು. ಕಾಶೀರಾಮರು ತಂತಿ ಕಟ್ಟಿದ ಲ್ಯಾಪ್‌ಟಾಪನ್ನು ನಳದ ಪಕ್ಕ ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿದರು. ಆದರೆ ಮುಟ್ಟದೆ ಬಿಟ್ಟರೆ ಲ್ಯಾಪ್‌ಟಾಪೂ ಮಲಗುತ್ತಿತ್ತು, ಅದರ ಹಿಂದೆ ಚಿಪ್ಪೂ. ಹಾಗಾಗಿ ಕುರ್ಚಿ ಹಾಕಿಕೊಂಡು ಕೂತು ಮೌಸು ಅಲ್ಲಾಡಿಸತೊಡಗಿದರು.

ಗೋಡೆಯಾಚೆಯಿಂದ ಅಕ್ತರಬೀ ಇಣುಕಿದರು. "ಏನ್ ನಡಸೀರಿ ಭಾಯಿಸಾಬ್?"

"ಮಷೀನು ನಳಾ ಕಾಯ್ತದ. ನಾ ಮಷೀನು ಕಾಯ್ತೇನಿ."

"ಯಾ ಅಲ್ಲಾ! ಸೀದಾ ನಳಾನೇ ಕಾಯ್ರಿ. ಬೀಚಮೇ, ನಡುವ ಇದೊಂದು ಯಾಕ್ರಿ?"

ಕಾಶೀರಾಮರು ಕರುಣೆಯಿಂದ ನಕ್ಕರು. ಬಿಸಿಲೇರಿತು. ಮೊದಲು ಕಾಶೀರಾಮರು ಮಲಗಿದರು, ಆಮೇಲೆ ಲ್ಯಾಪ್‌ಟಾಪು, ಕೊನೆಗೆ ಚಿಪ್ಪು.

ಎಚ್ಚರಿಸಿದ್ದು ಗಂಟೆಯಲ್ಲ, ಔರಾದಿನಿಂದ ಬಂದ ಫೋನು.

"ನೀರು ಬಂತೇನ್ರಿ?"

"ಇನ್ನಾ ಇಲ್ಲ. ಈಗಷ್ಟೇ ಕಣ್ಣು ಮುಚ್ಚಿದ್ದೆ ನೋಡು."

"ಬಂದು ಹೋಗಿ ತಾಸಾತು! ಅಕ್ತರಬೀನೇ ನಂಗ ಫೋನ್ ಮಾಡಿ ಹೇಳಿದ್ಲು. ನಿಮ್ಮನ್ನ ಕೂಗಿ ಕೂಗಿ ಸಾಕಾಗಿ, ಕಡೀಗೆ ಗ್ವಾಡಿ ಮ್ಯಾಲಿಂದ ತನ್ನ ಪೈಪು ಹಾಕಿ ನಮ್ಮ ಟಾಕಿ ತುಂಬ್ಯಾಳ. ಈಗಷ್ಟೇ ಅಂತ! ಮಲಗಿದ್ದ ಹೊತ್ತು ಲೆಕ್ಕಕ್ಕಿಲ್ಲೇನು ನಿಮಗ?"

ಕಾಶೀರಾಮರು ಕುರ್ಚಿಯಿಂದ ಚಂಗನೆ ಎದ್ದರು. ಅದೇ! ಚಿಪ್ಪು ಮಲಗಿದಾಗ ಅದರ ಗಡಿಯಾರವೂ ಮಲಗುತ್ತಿತ್ತು. ಪ್ರತಿ ಸಲ ಎದ್ದಾಗಲೂ 'ಈಗಷ್ಟೇ ಕಣ್ಣು ಮುಚ್ಚಿದ್ದೆ' ಎಂದುಕೊಂಡು, ಆ ಒಂದು ನಿಮಿಷವನ್ನು ನೀರು ನಿಂತುಹೋಗುವವರೆಗೂ ಎಳೆಯುತ್ತಿತ್ತು. ಮಲಗಿದ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿದರು. ತಂತಿ ಕಿತ್ತು ನೀರು ಸುರಿದರು. ನಿಮಿಷಕ್ಕೆ ಸರಿಯಾಗಿ ಗಂಟೆ ಬಾರಿಸಿತು!

ಮರಳಿ ಬಂದ ಶಾಲುಬಾಯಿ ಮನಸಾರೆ ಹೊಗಳಿದರು. ಹೊಗಳುತ್ತಲೇ ಗಂಟೆಯನ್ನು ಕಾಶೀರಾಮರ ಮಂಚದ ತಲೆದೆಸೆಗೆ ಕಟ್ಟಿದರು.

"ಇಲ್ಲ್ಯಾಕ?"

"ಮಷೀನು ನಿಮ್ದು, ಗಂಟಿ ನಿಮ್ದು. ಇನ್ನ ಮೋಟಾರು ಹಾಕೋದೂ ನಿಮ್ದೇ. ನಾ ಮುಂದಿನ ವಾರ ಭಾಲ್ಕಿಗೆ ತಂಗಿ ಮನಿಗೆ ಹೋಗ್ತೇನಿ."

ಅಂದಿನಿಂದ ನೀರು ಒಂದು ಸಲವೂ ತಪ್ಪಿಲ್ಲ, ಕಾಶೀರಾಮರಿಗೆ ಮಧ್ಯಾಹ್ನದ ನಿದ್ದೆ ಒಂದು ಸಲವೂ ದಕ್ಕಿಲ್ಲ. ಈಗ ಬೆಳಗಿನಿಂದ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಹೆಂಡತಿಗೆ ಅನುಮಾನ ಬಾರದ ಹಾಗೆ ಆ ಹಳೆಯ ತಪ್ಪನ್ನು ಮತ್ತೆ ಒಳಗೆ ಸೇರಿಸಬೇಕು. ಎಷ್ಟು ತಿಣುಕಿದರೂ ಹಾಳಾದ್ದು ಸರಿಯಾಗಿಯೇ ಕೆಲಸ ಮಾಡುತ್ತಿದೆ.