ಕಾಯುವ ಲ್ಯಾಪ್‌ಟಾಪು

ಮನುಷ್ಯನಿಗೆ ಜ್ವರ ಬಂದರೆ ನಮ್ಮ ಕತ್ರಿಗುಪ್ಪೆಯಲ್ಲಿ ಯಾಕಪ್ಪಾ ಅಂತ ಕೇಳುವವರಿಲ್ಲ. ಲ್ಯಾಪ್‌ಟಾಪಿಗೆ ಬಂದರೆ ಬೀದಿಗೆ ಬೀದಿಯೇ ಡಾಕ್ಟರು. ನನ್ನ ಕಸುಬು ಮದುವೆ ವಿಡಿಯೋ ತೆಗೆದು ಎಡಿಟ್ ಮಾಡೋದು. ಅಂದರೆ ಜನ ಅತ್ತದ್ದಕ್ಕೆ ಹಾಡು ಜೋಡಿಸಿ, ಜಗಳ ಆಡಿದ್ದನ್ನು ಕತ್ತರಿಸಿ ಕೊಡೋದು. ಈ ಕಸುಬಿನಲ್ಲಿ ಇಂಥವು ನಡೀತಾನೇ ಇರುತ್ತವೆ. ಈಗ ಹೇಳೋದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಬೆಲ್ಲದಷ್ಟು ಇರಬಹುದು.

ಹೈ ಪರ್ಫಾರ್ಮೆನ್ಸು

ಆ ಲ್ಯಾಪ್‌ಟಾಪನ್ನು ಬಿಟಿಎಂ ಲೇಔಟಿನ ಪಿ.ಜಿ. ಒಂದರಲ್ಲಿದ್ದ ಹುಡುಗನಿಂದ ತಗೊಂಡೆ. ಗೇಮ್ ಆಡೋರಿಗೆಂದೇ ಮಾಡಿದ್ದು. ಇಟ್ಟಿಗೆಯಷ್ಟು ದಪ್ಪ, ಕೀಬೋರ್ಡಿನ ತುಂಬ ಗಣೇಶನ ಪೆಂಡಾಲಿನ ಹಾಗೆ ಬಣ್ಣಬಣ್ಣದ ಲೈಟು.

"ಅಂಕಲ್, ಹಳೇದಾದ್ರೂ ಹೈ ಪರ್ಫಾರ್ಮೆನ್ಸು. ಚಳಿಗಾಲದಲ್ಲಿ ನಾನು ಇದನ್ನ ಬಿಟ್ಟು ಮಲಗ್ತಾನೇ ಇರಲಿಲ್ಲ" ಅಂದ. ಪಾಪ, ಎಂಥ ಪ್ರೀತಿ ಅಂದುಕೊಂಡೆ. ಮನೆಗೆ ತಂದು, ಎಡಿಟ್ ಮಾಡಿದ್ದನ್ನೆಲ್ಲ ಒಂದೇ ಫೈಲಾಗಿ ಹೊರಗೆ ತೆಗೆಯೋಕೆ ಕೂರಿಸಿದಾಗ ಗೊತ್ತಾಯ್ತು, ಅದು ಪ್ರೀತಿಯಲ್ಲ, ರೂಮ್ ಹೀಟರು. ಪ್ರೊಸೆಸರ್ ಕಾದು ಕೆಂಡವಾಗುತ್ತೆ, ಒಳಗಿನ ಫ್ಯಾನು ಬೊಬ್ಬೆ ಹೊಡೆಯುತ್ತೆ, ಆಮೇಲೆ ಟಪ್ ಅಂತ ಎಲ್ಲ ಆಫ್. ಮೊದಲ ದಿನ ಆ ಸದ್ದು ಕೇಳಿ ಹೆಂಡತಿ ಒಳಗಿಂದ ಕೂಗಿದಳು: "ರೀ, ಯಾವ ಚಟ್ನಿ ರುಬ್ತಿದ್ದೀರಿ ಅಲ್ಲಿ?"

ಅದರೊಳಗೆ ಇದ್ದದ್ದು ನಮ್ಮ ಮನೆ ಓನರ್ ಮಗಳ ಮದುವೆ. ಓನರ್ ಅಂಕಲ್, ಆಂಟಿ ಕೆಳಗೆ. ಬಾಡಿಗೆಗೆ ನಾವು ಮೇಲೆ. ಅಂಕಲ್ ಮನೆತನದವರು ಇದೇ ಜಾಗದಲ್ಲಿ ರಾಗಿ ಬೆಳೀತಿದ್ದವರು, ಈಗ ಬಾಡಿಗೆ ಬೆಳೀತಾರೆ. ವಿಡಿಯೋ ಕೊಡೋದು ನಾನು ಸ್ವಲ್ಪ ತಡ ಮಾಡಿದ್ದೆ. ಎಷ್ಟು ಸ್ವಲ್ಪ ಅಂದರೆ, ಮದುಮಗಳ ಸೀಮಂತಕ್ಕೆ ದಿನ ಗೊತ್ತಾಗಿತ್ತು.

ಆಂಟಿ ಮೆಟ್ಟಿಲ ಬುಡದಲ್ಲಿ ಹಿಡಿದರು. "ಏನಪ್ಪಾ, ವಿಡಿಯೋ ಎಲ್ಲಿ?"

"ಲ್ಯಾಪ್‌ಟಾಪ್ ತುಂಬ ಕಾಯ್ತಿದೆ ಆಂಟಿ."

"ಅದೇನು ಕಾಯೋದು? ಕಾಯ್ತಿರೋದು ನಾವು! ನೋಡು, ಸೀಮಂತದ ದಿನ ನೆಂಟರೆಲ್ಲರ ಎದುರಿಗೆ ಟೀವೀಲಿ ಓಡ್ಬೇಕು. ಓಡಲಿಲ್ವಾ, ಗಂಡ ಹೆಂಡ್ತಿ ಬೇರೆ ಮನೆ ನೋಡ್ಕೊಳ್ಳಿ."

ಅಂಕಲ್ ಮಾತ್ರ ದೇವರಂಥ ಮನುಷ್ಯ. ಸಕ್ಕರೆ ಕಾಯಿಲೆ ಬಂದ ಮೇಲೆ ಬಾಯಿಗೆ ಸಿಹಿ ಇಲ್ಲ, ಮಾತಲ್ಲಿ ಮಾತ್ರ ಸಿಹಿ. ಗೇಟಿನ ಹತ್ತಿರ ಹೆಗಲ ಮೇಲೆ ಕೈ ಹಾಕಿ, "ಅವಳ ಮಾತು ಬಿಡು ಗುರು. ಆತುರವೇ ಇಲ್ಲ. ಮೊಮ್ಮಗು ನಾಮಕರಣಕ್ಕೆ ಕೊಟ್ರೂ ನಡೆಯುತ್ತೆ" ಅಂದರು.

ಬೆಂಗಳೂರಿನಲ್ಲಿ ಇಂಥ ಓನರ್ ಇರೋಕೆ ಸಾಧ್ಯವಾ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಫ್ಯಾನಿನ ಧೂಳು

ಜಯನಗರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವನೊಬ್ಬನಿಗೆ ತೊಂದರೆ ಏನಂತ ಮೆಸೇಜ್ ಹಾಕಿ ಸ್ನಾನಕ್ಕೆ ಹೋದೆ. ಅವನು ವಾಪಸ್ ಫೋನ್ ಮಾಡಿದ. ಎತ್ತಿದ್ದು ನನ್ನ ಹೆಂಡತಿ.

"ಮೇಡಂ, ಮೊದಲು ಫ್ಯಾನ್ ಕ್ಲೀನ್ ಮಾಡ್ಸಿ. ವರ್ಷಗಟ್ಟಲೆ ಧೂಳು ಕೂತಿರುತ್ತೆ."

ಸ್ನಾನ ಮುಗಿಸಿ ಬಂದರೆ ಹಾಲಿನ ಮಧ್ಯೆ ಸ್ಟೂಲು, ಅದರ ಮೇಲೆ ಒದ್ದೆ ಬಟ್ಟೆ. ಹೆಂಡತಿ ಮುಖ ಕೆಂಪಗೆ. "ಹತ್ತಿ" ಅಂದಳು. ಯಾಕೆ ಅಂತ ಕೇಳುವ ಮೊದಲೇ ಹಾಲಿನ ಫ್ಯಾನು, ರೂಮಿನ ಫ್ಯಾನು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಎಲ್ಲವನ್ನೂ ನನ್ನ ಕೈಯಲ್ಲಿ ಒರೆಸಿದಳು. ತಲೆಯ ಮೇಲೆ ಧೂಳು ಹೊತ್ತು ಎರಡನೇ ಸಲ ಸ್ನಾನಕ್ಕೆ ಹೊರಟಾಗ ಮೆಲ್ಲಗೆ ಹತ್ತಿರ ಬಂದಳು.

"ರೀ, ಜಯನಗರದಲ್ಲಿ ಕೂತಿರೋನಿಗೆ ನಮ್ಮನೆ ಫ್ಯಾನಿನ ಧೂಳು ಹೆಂಗ್ರೀ ಕಾಣಿಸ್ತು? ಇನ್ಮೇಲೆ ಆ ಲ್ಯಾಪ್‌ಟಾಪ್ ಕ್ಯಾಮೆರಾ ಮುಚ್ಚಿಡಿ. ಮಡಿಸದ ಬಟ್ಟೆ ರಾಶಿ ಬೇರೆ ಇದೆ."

ಬ್ಲಾಕ್ ಆದ ಸಿಂಕು

ಕೊನೆಗೆ ಲ್ಯಾಪ್‌ಟಾಪನ್ನೇ ಜಯನಗರಕ್ಕೆ ಹೊತ್ತುಕೊಂಡು ಹೋದೆ. ಅವನು ಬಿಚ್ಚಿ ತೋರಿಸಿದ. ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸೋಕೆ ಒಳಗೆ ಒಂದು ತಾಮ್ರದ ಪಟ್ಟಿ, ಅದರ ತುದಿಗೆ ಬಾಚಣಿಗೆ ಹಲ್ಲಿನಂಥ ತಗಡುಗಳು. ಹೀಟ್ ಸಿಂಕ್ ಅಂತಾರೆ. ಆ ಹಲ್ಲುಗಳ ಮೇಲೆ ಧೂಳು ಕಂಬಳಿ ನೇಯ್ದಿತ್ತು. ಅವನು ಅದನ್ನು ಕಿತ್ತು, ಪ್ರೊಸೆಸರಿನ ಮೇಲೆ ಒಣಗಿ ಹಪ್ಪಳವಾಗಿದ್ದ, ಬಿಸಿ ಎಳೆಯುವ ಪೇಸ್ಟನ್ನು ಕೆರೆದು ಹೊಸದು ಮೆತ್ತಿದ.

ವಾಪಸ್ ಬರುವಾಗ ಗೇಟಿನಲ್ಲಿ ಅಂಕಲ್. "ಏನಂತೆ ಗುರು?"

"ಸಿಂಕ್ ಬ್ಲಾಕ್ ಆಗಿತ್ತಂತೆ ಅಂಕಲ್."

ಮಾರನೇ ಬೆಳಗ್ಗೆ ಬಾಗಿಲು ತೆಗೆದರೆ, ಪೈಪ್ ರೆಂಚು ಹಿಡಿದು ಪ್ಲಂಬರ್ ನಿಂತಿದ್ದಾನೆ. "ಓನರ್ ಕಳಿಸಿದ್ರು ಸಾರ್. ಸಿಂಕ್ ಬ್ಲಾಕ್ ಆಗಿದೆಯಂತೆ."

ಹಾಗಲ್ಲಪ್ಪ ಅಂತ ಹೇಳಬಹುದಿತ್ತು. ಆದರೆ ತಮಾಷೆ ತಾನಾಗಿ ಮನೆ ಬಾಗಿಲಿಗೆ ಬಂದಾಗ ವಾಪಸ್ ಕಳಿಸುವ ಜಾಯಮಾನ ನನ್ನದಲ್ಲ. "ಬನ್ನಿ ಬನ್ನಿ, ತುಂಬ ಬಿಸಿ ಆಗ್ತಿದೆ, ಸ್ವಲ್ಪ ನೋಡಿ" ಅಂತ ಅಡುಗೆಮನೆಗೆ ಬಿಟ್ಟು, ನಗು ತಡೆದುಕೊಂಡು ಸೋಫಾದಲ್ಲಿ ಕೂತೆ. ಅವನು ಪೈಪು ಬಿಚ್ಚಿದ. ಒಳಗಿಂದ ಬೂದು ಬಣ್ಣದ ಗೋಂದಿನಂಥದ್ದು ಮೊಳದುದ್ದ ಜಾರಿ ಬಕೆಟ್ಟಿಗೆ ಬಿತ್ತು. ಸದ್ದಿಗೆ ಹೆಂಡತಿಯೂ ಅಲ್ಲಿಗೆ ಬಂದಳು.

"ಮೇಡಂ, ಇದು ಬಿಸಿಯಿಂದ ಆಗಿರೋದಲ್ಲ. ಓಟ್ಸು. ಯಾರೋ ದಿನಾ ಬೆಳಗ್ಗೆ ತಪ್ಪದೆ ಸುರಿದಿದ್ದಾರೆ."

ನನ್ನ ಬಿ.ಪಿ.ಗೆ ಅಂತ ಹೆಂಡತಿ ದಿನಾ ಬೆಳಗ್ಗೆ ತಪ್ಪದೆ ಮಾಡಿಕೊಡುತ್ತಿದ್ದ ಓಟ್ಸು. ಈಗ ಎದುರಿಗೆ ಕೂತು ತಿನ್ನಿಸುತ್ತಾಳೆ. ಬ್ಲಾಕ್ ಆಗಿರೋದು ನಾನು.

ಆಗ್ನೇಯ ಮೂಲೆ

ರಿಪೇರಿಯಾದ ಮೇಲೆ ಲ್ಯಾಪ್‌ಟಾಪ್ ಎಷ್ಟೋ ವಾಸಿ. ಮೊದಲೆಲ್ಲ ಅರ್ಧಕ್ಕೆ ಕೈ ಕೊಡುತ್ತಿದ್ದದ್ದು, ಈಗ ಶೇಕಡ ತೊಂಬತ್ತು ದಾಟುತ್ತಿತ್ತು. ಆದರೆ ಸೆಂಚುರಿ ಹತ್ತಿರ ಬಂದು ನಡುಗುವ ಬ್ಯಾಟ್ಸ್‌ಮನ್ ಥರ, ತೊಂಬತ್ತರ ಮನೆಯಲ್ಲೇ ಔಟ್. ವಿಡಿಯೋದ ಕೊನೆ ತುಣುಕು ಹೊರಗೆ ಬರಲೇ ಇಲ್ಲ.

"ಎಷ್ಟಾಯ್ತು?" ಅಂತ ಅಂಕಲ್ ದಿನಾ ಮೇಲೆ ಬಂದು ವಿಚಾರಿಸುತ್ತಿದ್ದರು. ತೊಂಬತ್ತು ಅಂದ ದಿನ ಮುಖ ಸಣ್ಣಗಾಯ್ತು. ಪಾಪ, ನನ್ನ ಕಷ್ಟಕ್ಕೆ ಮರುಗಿದರು ಅಂದುಕೊಂಡೆ.

"ಅಲ್ಲ ಗುರು, ಇದನ್ನ ಈಶಾನ್ಯ ಮೂಲೇಲಿ ಇಟ್ಟಿದ್ದೀಯಲ್ಲ! ಈಶಾನ್ಯ ನೀರಿನ ಮೂಲೆ. ಇದೋ ಬೆಂಕಿ ಕಾರುತ್ತೆ. ಅಗ್ನಿ ಇರಬೇಕಾದದ್ದು ಆಗ್ನೇಯದಲ್ಲಿ."

ನಮ್ಮ ಮನೆಯ ಆಗ್ನೇಯದಲ್ಲಿ ಇರೋದು ಗ್ಯಾಸ್ ಒಲೆ. ವಾಸ್ತು ಅಂದಮೇಲೆ ನನ್ನ ಹೆಂಡತಿಯೂ ಅಂಕಲ್ ಪಕ್ಷ. ಒಲೆಯ ಪಕ್ಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಎಕ್ಸ್‌ಪೋರ್ಟ್ ಒತ್ತಿದೆ. ಪಕ್ಕದ ಬರ್ನರಿನಲ್ಲಿ ಹಾಲು.

ಹಾಲಿಗಿಂತ ಮೊದಲು ಲ್ಯಾಪ್‌ಟಾಪ್ ಉಕ್ಕಿತು.

ಉಷ್ಣ

ಸೀಮಂತದ ಬೆಳಗ್ಗೆ ಕೆಳಗೆ ಶಾಮಿಯಾನ, ನೆಂಟರು, ಹಸಿರು ಬಳೆ, ತಂಬಿಟ್ಟು. ಮೇಲೆ ನಾನು, ನನ್ನ ಸತ್ತ ಲ್ಯಾಪ್‌ಟಾಪು, ಮತ್ತು ಗಿರಿನಗರದಲ್ಲಿ ಯಾವ ಮನೆ ಖಾಲಿ ಇದೆ ಅಂತ ಫೋನಿನಲ್ಲಿ ವಿಚಾರಿಸುತ್ತಿದ್ದ ಹೆಂಡತಿ. ಆಂಟಿ ಬಂದು ಬಾಗಿಲಲ್ಲಿ ನಿಂತರು. ಪ್ರೊಸೆಸರು, ಟೆಂಪರೇಚರು ಅಂತ ವಿವರಿಸೋಕೆ ನನಗೆ ತಾಳ್ಮೆ ಉಳಿದಿರಲಿಲ್ಲ. ಏನೋ ಕುಚೇಷ್ಟೆ, ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಉಷ್ಣ ಆಗಿದೆ ಆಂಟಿ."

"ಉಷ್ಣಾನಾ? ಮೊದ್ಲೇ ಹೇಳೋದಲ್ವೇನೋ, ಮುಂಡೇದೆ!"

ಮುಂದಿನದು ನನ್ನ ಕೈಯಲ್ಲಿ ಇರಲಿಲ್ಲ. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗೆ ನಡೆದರು. ಇಡ್ಲಿ ತಟ್ಟೆಗಳನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದರು. "ಕೆಳಗಿಂದ ಗಾಳಿ ಆಡ್ಬೇಕು." ಬಸುರಿ ಮಗಳಿಗೆ ಅಂತ ತಂದಿದ್ದ ಲಾವಂಚದ ಪರದೆಗೆ ನೀರು ಚಿಮುಕಿಸಿ ಎದುರಿಗೆ ಕಟ್ಟಿದರು. ಶಾಮಿಯಾನದವರ ದೈತ್ಯ ಫ್ಯಾನನ್ನು ನೆಂಟರಿಂದ ಕಿತ್ತು ಇತ್ತ ತಿರುಗಿಸಿದರು. ಹರಳೆಣ್ಣೆ ಬಟ್ಟಲು ಹಿಡಿದು, "ನೆತ್ತಿ ಯಾವುದೋ ಇದಕ್ಕೆ?" ಅಂದಾಗ ಮಾತ್ರ ನಾನು ಕಾಲಿಗೆ ಬಿದ್ದು ತಡೆದೆ.

ಆನ್ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಒತ್ತಿದೆ. ಎಪ್ಪತ್ತು. ಎಂಬತ್ತು. ಲ್ಯಾಪ್‌ಟಾಪ್ ತಣ್ಣಗಿದೆ. ಅಂಕಲ್ ಬಂದು ಫ್ಯಾನಿಗೆ ಕೈ ಹಾಕಿದರು. "ಅಡುಗೆ ಭಟ್ಟರಿಗೆ ಬೇಕಂತೆ ಕಣೇ."

"ಮುಟ್ಟಿದ್ರೆ ನೋಡಿ!" ಅಂದರು ಆಂಟಿ. ಅಂಕಲ್ ಫ್ಯಾನು ಬಿಟ್ಟರು, ಆದರೆ ಬೆವರತೊಡಗಿದರು.

ತೊಂಬತ್ತು. ತೊಂಬತ್ತೊಂಬತ್ತು. ನೂರು! ಪೆನ್‌ಡ್ರೈವಿಗೆ ಹಾಕಿದ್ದೇ ಟೀವಿಗೆ ಚುಚ್ಚಿದೆ. ಧಾರೆ ಎರೆಯುವಾಗ ನೆಂಟರೆಲ್ಲ ಅತ್ತರು, ಮಗಳನ್ನು ಒಪ್ಪಿಸುವಾಗ ಇನ್ನೂ ಅತ್ತರು. ಮುಗೀತು ಅಂತ ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ಇನ್ನೊಂದು ತುಣುಕು ಶುರುವಾಯ್ತು. ಆಗ ನನಗೆ ನೆನಪಾಯ್ತು. ನಮ್ಮ ಎಡಿಟಿಂಗ್ ಗೆಳೆಯರು ನಗಲಿ ಅಂತ ಕೊನೆಗೆ ನಾನೇ ಅಂಟಿಸಿದ್ದದ್ದು. ಲ್ಯಾಪ್‌ಟಾಪ್ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ, ಹಾಗಾಗಿ ಕತ್ತರಿಸೋದು ಮರೆತೇ ಹೋಗಿತ್ತು.

ಟೀವಿಯಲ್ಲಿ ಅಂಕಲ್. ಮಂಟಪದ ಹಿಂದೆ. ಅತ್ತ ನೋಡಿ, ಇತ್ತ ನೋಡಿ, ಲಾಡು ಒಂದು ಬಾಯಿಗೆ, ಒಂದು ಜುಬ್ಬಾ ಜೇಬಿಗೆ. ಹಿಂದೆ ಗಟ್ಟಿಮೇಳ. ಅಷ್ಟಕ್ಕೇ ಬಿಟ್ಟಿದ್ದೆನಾ? ಅದನ್ನೇ ಹಿಂದುಮುಂದಾಗಿಯೂ ಓಡಿಸಿದ್ದೆ. ಲಾಡು ಬಾಯಿಂದ ಹೊರಗೆ ಬಂದು, ಮತ್ತೆ ಒಳಗೆ ಹೋಯ್ತು. ಮಗಳ ಮದುವೆಯಲ್ಲೂ ಸಿಹಿ ಮುಟ್ಟಲ್ಲ ಅಂತ ಮನೆದೇವರ ಮೇಲೆ ಆಣೆ ಹಾಕಿದ್ದ ಮನುಷ್ಯ!

ಆಂಟಿ ರಿಮೋಟ್ ಒತ್ತಿ, ಬಾಯಿ ತುಂಬಿದ್ದ ಜಾಗದಲ್ಲಿ ನಿಲ್ಲಿಸಿದರು. "ಏನ್ರೀ ಇದು?"

"ಎಐ ಕಣೇ! ಈಗ ಕಂಪ್ಯೂಟರಲ್ಲಿ ಏನು ಬೇಕಾದ್ರೂ ಮಾಡ್ತಾರೆ!"

"ಎಐ ಆದ್ರೆ ಮಾರನೇ ದಿನ ನಿಮ್ಮ ಜುಬ್ಬಾ ಜೇಬಿಗೆ ಇರುವೆ ಯಾಕ್ರೀ ಮುತ್ಕೊಂಡಿತ್ತು?"

ಬಸುರಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಂಟಿ ನನ್ನ ಕಡೆ ತಿರುಗಿ, "ನೀನು ಈ ಮನೆ ಬಿಡೋ ಹಂಗೇ ಇಲ್ಲ. ಮೊಮ್ಮಗು ನಾಮಕರಣಾನೂ ನೀನೇ ತೆಗಿ. ಇವರ ಮೇಲೆ ಒಂದು ಕ್ಯಾಮೆರಾ ಯಾವಾಗ್ಲೂ ಇರ್ಲಿ" ಅಂದರು.

ಊಟದ ಹೊತ್ತಿಗೆ ಅಂಕಲ್ ನನ್ನನ್ನು ಮೆಟ್ಟಿಲ ಕೆಳಗೆ ಎಳೆದರು. ಅವರ ಎಲೆಗೆ ಅವತ್ತು ಪಾಯಸದ ಸೌಟೂ ತೋರಿಸಿರಲಿಲ್ಲ.

"ನಿನ್ನ ಕ್ಯಾಮೆರಾ ನನ್ನ ಕಡೆ ತಿರುಗಿದ್ದು ಮದುವೆ ದಿನಾನೇ ನೋಡಿದ್ದೆ ಕಣೋ. ಒಂದು ದಿನ ನಿನ್ನ ಕೆಲಸ ಕೆಡ್ಲಿ ಅಂತ ಪ್ಲಂಬರ್‌ನ ಕಳಿಸಿದೆ, ಒಲೆ ಪಕ್ಕ ಇಡ್ಸಿದೆ, ಕೊನೇಲಿ ಫ್ಯಾನಿಗೂ ಕೈ ಹಾಕ್ದೆ. ಎಲ್ಲಾ ಯಾತಕ್ಕೆ ಅಂದ್ಕೊಂಡೆ? ಆ ಲ್ಯಾಪ್‌ಟಾಪ್ ಕಾಯ್ತದೆ, ಕಾಯ್ತದೆ ಅಂತ ಊರೆಲ್ಲ ಬೈದ್ರಿ. ಹೌದು ಕಣೋ ಪಾಪಿ, ಕಾಯ್ತಿತ್ತು. ಇಷ್ಟು ದಿನ ಅದು ಕಾಯ್ತಿದ್ದಿದ್ದು ನನ್ನ ಮಾನಾನ!"