ಪಟ್ಟಾಭಿಮಾವನ ಪಂಕ್ತಿಯಂತ್ರ

"ಮುಟ್ಟಬೇಡ! ಬರೀ ನೋಡು!" ಎನ್ನುತ್ತ ಪಟ್ಟಾಭಿರಾಮರು ಮೇಜಿನ ಮೇಲೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದರು.

ವಾರಿಜಾ ನೋಡಿದಳು. ಅವಳಿಗೆ ಕಂಡದ್ದು ಸರಸತ್ತೆ ಭಾನುವಾರದಿಂದ ಮನೆಯೆಲ್ಲ ಹುಡುಕುತ್ತಿದ್ದ ದೊಡ್ಡ ಇಡ್ಲಿ ಪಾತ್ರೆ. ಮುಚ್ಚಳದ ಮೇಲೆ ಒಂದು ಕೆಂಪು ದೀಪ ಕೂತಿತ್ತು. ಹೊಟ್ಟೆಯ ಸುತ್ತ ತೂತು ಕೊರೆದು ನೀಲಿ ಕೇಬಲ್ಲುಗಳನ್ನು ಸಿಕ್ಕಿಸಲಾಗಿತ್ತು. ಅಡಿಯಲ್ಲಿ ಸ್ಕೂಟರಿನ ಬ್ಯಾಟರಿ. ಪಟ್ಟಾಭಿರಾಮರು ವಾರಿಜಾಳ ಸೋದರಮಾವ, ಸರಸತ್ತೆಯ ಗಂಡ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಸಂಶೋಧನೆಗೆ ಇಳಿದಿದ್ದರು. ತಾನಾಗಿಯೇ ಒಗ್ಗರಣೆ ಹಾಕುವ ಸೌಟು ಅವರ ಹಿಂದಿನ ಕೊಡುಗೆ. ಅದು ಹಾಕಿದ ಸಾಸಿವೆ ಇನ್ನೂ ಅಡುಗೆಮನೆಯ ಸೂರಿನಲ್ಲಿದೆ.

"ಏನು ಮಾವ ಇದು?"

"ಪಂಕ್ತಿಯಂತ್ರ! ನಿನ್ನ ಹುಡುಗರ ಜಗಳಕ್ಕೆ ಇವತ್ತಿಗೆ ಮಂಗಳ ಹಾಡಿದೀನಿ!"

ಹುಡುಗರ ಜಗಳ ಸಣ್ಣದಾಗಿರಲಿಲ್ಲ. ಮೈಸೂರಿನ ಅಂಚಿನ ಹೊಸಕೆರೆ ಬಡಾವಣೆಯಲ್ಲಿ ವಾರಿಜಾ ಹೋದ ವರ್ಷ ಒಂದು ಲ್ಯಾನ್ ಪಂದ್ಯಾವಳಿ ನಡೆಸಿದ್ದಳು. ಸಮುದಾಯ ಭವನದಲ್ಲಿ ಕಂಪ್ಯೂಟರುಗಳನ್ನು ಸಾಲಾಗಿಟ್ಟು, ಎಲ್ಲಕ್ಕೂ ಕೇಬಲ್ ಜೋಡಿಸಿ, ಎರಡು ತಂಡಗಳು ಎದುರುಬದುರು ಕೂತು 'ಕೋಟೆ ಕಾಳಗ' ಎಂಬ ಆಟ ಆಡುವುದು. ಗೆದ್ದವರು ಗೆದ್ದೆವೆಂದು ಕುಣಿದರು. ಸೋತವರು ತಮ್ಮ ಕಂಪ್ಯೂಟರ್ ನಿಧಾನ, ಕೇಬಲ್ ಹಳೆಯದು, ಆದ್ದರಿಂದ ತಾವು ಸೋತೇ ಇಲ್ಲ ಎಂದರು. ಕುರ್ಚಿಗಳು ಹಾರಾಡಿದವು. ಬಡಾವಣೆ ಸಂಘದ ಅಧ್ಯಕ್ಷ ಶಿವನಂಜಪ್ಪನವರು ಬಹಳ ಕಾಲ ಯೋಚಿಸಿ, ಈ ಸಲ ಜಗಳವಿಲ್ಲದೆ ನಡೆಸಿದರೆ ಭವನದ ಮಹಡಿ ಕೊಠಡಿಯನ್ನು ಆಟದ ಕೂಟಕ್ಕೆ ಕೊಡುವ ಬಗ್ಗೆ ಪರಿಶೀಲಿಸಬಹುದೆಂದೂ, ಜಗಳವಾದರೆ ಅಲ್ಲಿ ಮದುವೆಯ ಹಂಡೆ ಕೊಪ್ಪರಿಗೆಗಳನ್ನು ತುಂಬಿಸುವುದಾಗಿಯೂ ತಿಳಿಸಿದರು. ಆ ಕೊಠಡಿಗಾಗಿ ವಾರಿಜಾ ಏನು ಬೇಕಾದರೂ ಮಾಡಲು ಸಿದ್ಧಳಿದ್ದಳು. ಮಾವನ ಯಂತ್ರ ನೋಡಲು ಬಂದದ್ದೇ ಅದಕ್ಕೆ ಸಾಕ್ಷಿ.

"ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಒಬ್ಬರಿಗೆ ತುಪ್ಪ ಜಾಸ್ತಿ, ಒಬ್ಬರಿಗೆ ಕಮ್ಮಿ ಬಡಿಸ್ತೀವಾ? ಇಲ್ಲ! ಬೇಗ ಉಂಡೋರು ಮೊದಲೇ ಎದ್ದು ಹೋಗ್ತಾರಾ? ಇಲ್ಲ! ಕೊನೇವ್ರು ಮುಗಿಸೋ ತನಕ ಕೂತಿರ್ತಾರೆ. ಇದೂ ಹಾಗೇ. ಎಲ್ಲ ಕಂಪ್ಯೂಟರೂ ಎಲ್ಲಕ್ಕಿಂತ ನಿಧಾನವಾಗಿರೋದರ ಜತೆ ಹೆಜ್ಜೆ ಹಾಕ್ಬೇಕು!"

ಪಂಕ್ತಿಯ ವಿಷಯದಲ್ಲಿ ಮಾವ ಮಹಾ ಕಟ್ಟುನಿಟ್ಟು. ಮಗಳ ಮದುವೆಯಲ್ಲಿ ಹಲ್ಲಿಲ್ಲದ ಚಿಕ್ಕಜ್ಜ ಒಬ್ಬರು ಮೊಸರನ್ನ ಮುಗಿಸುವ ತನಕ ಇಡೀ ಸಾಲನ್ನು ಒಣಗಿದ ಎಂಜಲುಗೈಯಲ್ಲೇ ಕೂರಿಸಿದ್ದರು. ಬೀಗರಿಗೆ ಊರಿನ ಬಸ್ಸು ತಪ್ಪಿತ್ತು.

ಅವರು ವಾರಿಜಾಳ ಹೊಸ ಕಂಪ್ಯೂಟರನ್ನೂ ತಮ್ಮ ಓಬೀರಾಯನ ಕಾಲದ ಪೆಟ್ಟಿಗೆಯನ್ನೂ ಯಂತ್ರಕ್ಕೆ ಜೋಡಿಸಿದರು. ಎರಡೂ ಪರದೆಗಳಲ್ಲಿ ಸೈನಿಕರು ಒಂದೇ ತಾಳದಲ್ಲಿ ಓಡಿದರು. ಮಾವನ ಯಂತ್ರವೊಂದು ಹೇಳಿದ ಕೆಲಸವನ್ನೇ ಮಾಡಿದ್ದು ಇದೇ ಮೊದಲು. ವಾರಿಜಾಳಿಗೆ ಖುಷಿಯಾಗಿ, "ಇನ್ನು ಸೋತೋರು ಕಂಪ್ಯೂಟರನ್ನ ಬೈಯೋ ಹಾಗಿಲ್ಲ ಮಾವ. ಕೈಯಲ್ಲೇ ಚುರುಕಿಲ್ಲ ಅಂತ ಒಪ್ಕೋಬೇಕು!" ಎಂದಳು.

ಪಟ್ಟಾಭಿರಾಮರ ಮುಖ ಗಂಭೀರವಾಯಿತು.

"ಕೈ ಚುರುಕು! ಛೆ, ಅದೂ ಒಂದು ಭೇದವೇ ಅಲ್ವೇನೇ?"

ಅವಳು ಆ ಮಾತನ್ನು ಅಷ್ಟಾಗಿ ಗಮನಿಸಲಿಲ್ಲ.

ಪಂದ್ಯದ ದಿನ ಬೆಳಿಗ್ಗೆಯಿಂದ ವಾರಿಜಾಳಿಗೆ ಕೂರಲು ಪುರುಸೊತ್ತಿರಲಿಲ್ಲ. ಭವನ ಕಟ್ಟಿದವರು ಮದುವೆಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದರು. ಪ್ಲಗ್ಗುಗಳೆಲ್ಲ ಸೀರಿಯಲ್ ಸೆಟ್ ತೂಗುಹಾಕಲು ಅನುಕೂಲವಾಗುವಂತೆ ಆಳೆತ್ತರಕ್ಕಿಂತ ಮೇಲಿದ್ದವು. ಹುಡುಗರು ಕಂಪ್ಯೂಟರುಗಳನ್ನು ದುಪ್ಪಟಿಯಲ್ಲಿ ಸುತ್ತಿ ಸ್ಕೂಟರಿನಲ್ಲಿ ತಂದು, ಕುರ್ಚಿ ಹತ್ತಿ ವೈರು ಚುಚ್ಚಿದರು. ಅಷ್ಟರಲ್ಲಿ ಅಡುಗೆಯ ಗೋಪಾಲಭಟ್ಟರು ವಡೆಗೆ ಉದ್ದು ರುಬ್ಬಲು ಗ್ರೈಂಡರ್ ಹಾಕಿದರು. ಫಟ್ ಎಂದು ಫ್ಯೂಸ್ ಹೋಯಿತು.

"ಭಟ್ರೇ, ಗ್ರೈಂಡರ್ ನಿಲ್ಸಿ!"

"ನಿಲ್ಲಿಸ್ತೀನಮ್ಮ. ಮಧ್ಯಾಹ್ನ ವಡೆ ಬದ್ಲು ಕಂಪ್ಯೂಟರ್ ಬಡಿಸ್ಲಾ?"

"ಇಬ್ರೂ ಸುಮ್ನಿರಿ!" ಎಂದು ಮಾವ ನಡುವೆ ಬಂದರು. "ಗ್ರೈಂಡರ್, ಫ್ಯಾನು, ಎಲ್ಲಾನೂ ನನ್ನ ಯಂತ್ರಕ್ಕೇ ಸೇರಿಸ್ತೀನಿ. ಇರೋ ಕರೆಂಟನ್ನ ಪಂಕ್ತಿಯಲ್ಲಿ ಹಂಚಿಕೊಂಡು ತಿನ್ನಲಿ."

ಹೊಸ ಫ್ಯೂಸ್ ಹಾಕಿ ಸೇರಿಸಿಯೂ ಬಿಟ್ಟರು. ಆಮೇಲೆ ಚೀಲದಿಂದ ಒಂದಷ್ಟು ಪಟ್ಟಿಗಳನ್ನು ತೆಗೆದು ಆಟಗಾರರ ಮಣಿಕಟ್ಟಿಗೆ ಕಟ್ಟತೊಡಗಿದರು. ಹೊಸಕೆರೆ ತಂಡದ ನಾಯಕ ಲೋಹಿತ್ ಕೈ ಹಿಂದಕ್ಕೆ ಎಳೆದುಕೊಂಡ.

"ಇದೇನ್ ಸಾರ್, ಬಿಪಿ ನೋಡ್ತೀರಾ?"

"ಚುರುಕು ನೋಡ್ತೀನಿ. ಕೈ ಕೊಡಪ್ಪ."

ಎದುರಾಳಿ ಮೇಲ್ದಂಡೆ ಬಡಾವಣೆಯ ನಾಯಕ ತನ್ವೀರ್ ತಾನಾಗಿಯೇ ಕೈ ಚಾಚಿದ. ಅವನ ಕೈ ಮೈಸೂರಿಗೇ ಚುರುಕೆಂದು ಹೆಸರಾಗಿತ್ತು. ಅದನ್ನು ಯಾರಾದರೂ ಅಳೆಯಲಿ ಎಂದು ಅವನು ಕಾಯುತ್ತಲೇ ಇದ್ದ.

ಅಷ್ಟು ಹೊತ್ತಿಗೆ ಉದ್ಘಾಟನೆಗೆ ಅಧ್ಯಕ್ಷರು ಬಂದರು. ಶಿವನಂಜಪ್ಪನವರು ಚರಂಡಿ ಕಾಮಗಾರಿಗಳ ಮೇಲ್ವಿಚಾರಕರಾಗಿ ನಿವೃತ್ತರಾದವರು, ಪರಮ ನಿಧಾನಸ್ಥರು. ಅವರಿಗೆ ನಮಸ್ಕಾರ ಹೇಳಿದರೆ ಪ್ರತಿನಮಸ್ಕಾರ ಬರುವಷ್ಟರಲ್ಲಿ ಹೇಳಿದವರು ಮುಂದಿನ ತಿರುವು ದಾಟಿರುತ್ತಿದ್ದರು. ಬಡಾವಣೆಯ ಉದ್ಯಾನಕ್ಕೆ ಹೆಸರಿಡುವ ವಿಷಯ ಒಮ್ಮೆ ಅವರ ಪರಿಶೀಲನೆಗೆ ಹೋಗಿತ್ತು. ಹೆಸರು ಇನ್ನೂ ಬಂದಿಲ್ಲ, ಉದ್ಯಾನದ ಜಾಗದಲ್ಲಿ ಮನೆಗಳೆದ್ದಿವೆ.

ಅವರು ದೀಪ ಬೆಳಗಿದರು. ಆರಿತು. ಮತ್ತೆ ಬೆಳಗಿದರು. ಇನ್ನೇನು ಎಲ್ಲ ಸುಸೂತ್ರ ಎಂದು ವಾರಿಜಾ ಉಸಿರು ಬಿಡುವಾಗ ಮಾವ ಮೈಕು ಹಿಡಿದು, "ಬರೀ ದೀಪ ಹಚ್ಚಿದ್ರೆ ಹೇಗೆ? ಪಂಕ್ತಿಯ ಮೊದಲ ಎಲೆ ಹಿರಿಯರದ್ದು! ಅಧ್ಯಕ್ಷರು ಮೊದಲ ಆಟ ಆಡ್ಬೇಕು!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ಲೋಹಿತ್‌ನ ತಂಡದಲ್ಲಿ ಒಬ್ಬನನ್ನು ಎಬ್ಬಿಸಿ ಶಿವನಂಜಪ್ಪನವರನ್ನು ಕೂರಿಸಲಾಯಿತು. ಮಾವ ಅವರ ಮಣಿಕಟ್ಟಿಗೂ ಪಟ್ಟಿ ಕಟ್ಟಿ, ಯಂತ್ರ ಚಾಲೂ ಮಾಡಿದರು.

ಕೆಂಪು ದೀಪ ಹೊತ್ತಿತು. ತನ್ವೀರ್‌ನ ಬೆರಳುಗಳು ಕೀಲಿಗಳ ಮೇಲೆ ಸಿಡಿಯಲು ಎದ್ದವು. ಎದ್ದವು ಇಳಿಯಲೇ ಇಲ್ಲ. ಇಳಿಯುತ್ತಿದ್ದವು, ಆದರೆ ನೋಡುವವರಿಗೆ ತಾಳ್ಮೆ ಬೇಕಿತ್ತು.

"ಏ...ನೋ... ಆ...ಯ್ತು..." ಎಂದ ಲೋಹಿತ್, ಜೋಗುಳದ ಧಾಟಿಯಲ್ಲಿ.

ವಾರಿಜಾ ಯಂತ್ರದ ಬಳಿ ಓಡಿದಳು. "ಮಾವ! ಹುಡುಗ್ರೆಲ್ಲ ಹೀಗ್ಯಾಕಾದ್ರು?"

"ಸರಿಯಾಗೇ ಇದ್ದಾರೆ. ಎಲ್ರೂ ಅಧ್ಯಕ್ಷರ ಮಟ್ಟಕ್ಕೆ ಬಂದಿದಾರೆ. ಭೇದವೇ ಇಲ್ಲ!"

ಅಧ್ಯಕ್ಷರು ಸುತ್ತ ನೋಡಿದರು. ಈಗಿನ ಹುಡುಗರು ಇಷ್ಟು ಸಮಾಧಾನವಾಗಿ ಆಡುವುದನ್ನು ಕಂಡು ಅವರಿಗೆ ಸಂತೋಷವಾಯಿತು. ತಮಗೂ ಅವಸರವೇನಿದೆ ಎಂದು ಅವರು ಇನ್ನಷ್ಟು ನಿಧಾನಿಸಿದರು. ಯಂತ್ರ ಎಲ್ಲರನ್ನೂ ಅಲ್ಲಿಗೆ ಇಳಿಸಿತು. ಅದನ್ನು ನೋಡಿ ಅವರು ಮತ್ತಷ್ಟು ನಿಧಾನಿಸಿದರು. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ನೋಡಬಹುದಾಗಿತ್ತು. ರೆಕ್ಕೆಗಳ ಮೇಲಿನ ಧೂಳನ್ನೂ.

ಅಡುಗೆಮನೆಯಿಂದ ಗೋಪಾಲಭಟ್ಟರು ಬಂದರು. "ಗ್ರೈಂಡರ್ ಒಂದು ಸುತ್ತು ಹೋಗೋದ್ರಲ್ಲಿ ನಾನೊಂದು ನಿದ್ದೆ ತೆಗೆದೆ. ಇವತ್ತು ವಡೆ ಇಲ್ಲ!"

"ಮಾವ, ಆಫ್ ಮಾಡಿ!"

"ಪಂಕ್ತಿಗೆ ಎಲ್ಲಾದ್ರೂ ಆಫ್ ಸ್ವಿಚ್ ಇರತ್ತೇನೇ?"

"ಹಾಗಾದ್ರೆ ಅಧ್ಯಕ್ಷರ ಪಟ್ಟಿ ಬಿಚ್ಚಿ!"

"ಕೂತೋರನ್ನ ಎಲೆ ಮುಂದಿಂದ ಎಬ್ಬಿಸೋದಾ? ಛೆ ಛೆ! ಅಲ್ದೆ ಅದಕ್ಕೆ ಬೀಗ ಇಟ್ಟಿದೀನಿ. ಆಟ ಮುಗಿದ್ರೆ ಮಾತ್ರ ಬಿಚ್ಕೊಳ್ಳತ್ತೆ."

ವಾರಿಜಾಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಆ ಇಡ್ಲಿ ಪಾತ್ರೆಯನ್ನು ಮಾವನ ತಲೆಯ ಮೇಲೆ ಬೋರಲು ಹಾಕಬೇಕೆನಿಸಿತು. ಪ್ರೇಕ್ಷಕರು ಆಕಳಿಸುತ್ತಿದ್ದರು. ಮಹಡಿ ಕೊಠಡಿಯಲ್ಲಿ ಹಂಡೆ ಕೊಪ್ಪರಿಗೆಗಳು ಸಾಲಾಗಿ ಬಂದು ಕೂರುವುದು ಅವಳ ಕಣ್ಣಿಗೆ ಕಟ್ಟಿತು. ಆಟ ಮುಗಿಯಬೇಕಾದರೆ ಯಾರಾದರೂ ಎದುರಾಳಿಯ ಕೋಟೆ ಹೊಕ್ಕು ಧ್ವಜ ಕೀಳಬೇಕು. ಹುಡುಗರಿಂದ ಆಗದು. ಪಂಕ್ತಿಯಲ್ಲಿ ಒದ್ದಾಡದೆ ಆಡುತ್ತಿದ್ದವರು ಅಧ್ಯಕ್ಷರೊಬ್ಬರೇ.

ಅವಳು ಅವರ ಕುರ್ಚಿಯ ಪಕ್ಕ ಬಗ್ಗಿದಳು. "ಸಾರ್, ಮುಂದೆ ಹೋಗಿ ಸಾರ್. ವೈರಿಗಳು ಬಂದ್ರೆ ಗುಂಡು ಹೊಡೀರಿ."

"ಯಾ...ಕಮ್ಮಾ? ಅವ್ರು... ನಂಗೇನ್... ಮಾಡಿದಾರೆ?" ಶಿವನಂಜಪ್ಪನವರ ಸೈನಿಕ ಕೋಟೆಗೆ ಬೆನ್ನು ಹಾಕಿ ನಿಂತು ನೆಲ ನೋಡುತ್ತಿದ್ದ. "ಇಲ್...ನೋಡು. ಚ...ರಂಡಿ. ವಾಟ... ಸರಿಯಿಲ್ಲ. ನೀರು... ಹರಿ...ಯಲ್ಲ."

ವಾರಿಜಾ ಪರದೆ ನೋಡಿದಳು. ಆಟ ಮಾಡಿದವರು ಅಂದಕ್ಕೆಂದು ಬರೆದ ಒಂದು ಕಲ್ಲುಚರಂಡಿ ಗಿಡಗಳ ಮರೆಯಲ್ಲಿ ಹಾದು ಎದುರಾಳಿಯ ಕೋಟೆಯ ಗೋಡೆಯಡಿ ಮಾಯವಾಗಿತ್ತು. ಗುಂಡು ಹಾರಿಸುವ ಆತುರದಲ್ಲಿ ಇಷ್ಟು ವರ್ಷ ಅದನ್ನು ಯಾರೂ ನೋಡಿರಲಿಲ್ಲ.

"ಹೌದು ಸಾರ್! ಎಲ್ಲೋ ಕಟ್ಕೊಂಡಿದೆ. ಕೊನೇ ತನಕ ಹೋಗಿ ನೋಡ್ಬಿಡಿ ಸಾರ್. ನೀವಲ್ದೆ ಇನ್ಯಾರು ನೋಡ್ತಾರೆ?"

ಶಿವನಂಜಪ್ಪನವರ ಬೆನ್ನು ನೆಟ್ಟಗಾಯಿತು. ಸೈನಿಕ ಚರಂಡಿಗೆ ಇಳಿದ. ಹೂಳು ನೋಡಿದ, ಕಲ್ಲಿನ ಸಂದು ನೋಡಿದ, ತಲೆಯಾಡಿಸಿದ. ಮೇಲೆ ದಂಡೆಯಲ್ಲಿ ತನ್ವೀರ್ ಹಾರಿಸಿದ ಗುಂಡು ಇನ್ನೂ ದಾರಿಯಲ್ಲಿತ್ತು. ಪ್ರೇಕ್ಷಕರು ಒಬ್ಬೊಬ್ಬರಾಗಿ ಎದ್ದು ಅಧ್ಯಕ್ಷರ ಕುರ್ಚಿಯ ಹಿಂದೆ ಸೇರಿದರು. ಎಲ್ಲರಿಗೂ ಚರಂಡಿಯ ಬಗ್ಗೆ ಹೇಳಲು ಏನಾದರೊಂದು ಇದ್ದೇ ಇತ್ತು. ಕೊನೆಗೆ ಸೈನಿಕ ಗೋಡೆಯಡಿ ನುಸುಳಿ ಕೋಟೆಯೊಳಗೆ ತಲೆ ಎತ್ತಿದ. ಎದುರಿಗೆ ಧ್ವಜವಿತ್ತು.

"ಚರಂಡಿ... ಬಾಯಿಗೆ... ಯಾರ್...ರೀ... ಕಂಬ... ನೆಟ್ಟಿದ್ದು?" ಎಂದು ಅಧ್ಯಕ್ಷರು ಅದನ್ನು ಕಿತ್ತರು.

ಆಟ ಮುಗಿಯಿತು. ಪಟ್ಟಿಗಳ ಬೀಗಗಳೆಲ್ಲ ಟಕ್ ಎಂದು ತೆರೆದುಕೊಂಡವು. ಯಾರೂ ಪಟ್ಟಿ ಕಳಚುವ ಮೊದಲೇ, ವಾರಿಜಾ ಕೈಮುಗಿಯುವಷ್ಟರಲ್ಲಿ, ಇಡ್ಲಿ ಪಾತ್ರೆಯ ಮುಚ್ಚಳ ಕಟಕಟನೆ ಕುಣಿಯಿತು.

"ಅಯ್ಯೋ," ಎಂದರು ಮಾವ. "ಹುಡುಗ್ರಿಂದ ತಡೆದಿಟ್ಟ ಚುರುಕೆಲ್ಲ ಒಳಗೇ ಉಳಿದಿದೆ ಕಣೇ! ಪಂಕ್ತಿ ಮುಗಿದ್ಮೇಲೆ ಉಳಿದದ್ದನ್ನ ಎಲ್ರಿಗೂ ಸಮನಾಗಿ ಬಡಿಸ್ಬೇಕಲ್ಲ..."

ಯಂತ್ರ ಬಡಿಸಿತು. ಫ್ಯಾನುಗಳು ಬಿರುಗಾಳಿ ಎಬ್ಬಿಸಿದವು. ಗ್ರೈಂಡರ್ ಉದ್ದಿನ ಹಿಟ್ಟನ್ನೆಲ್ಲ ಒಂದೇ ಏಟಿಗೆ ಸೂರಿಗೆ ಎಸೆಯಿತು. ಲೋಹಿತ್ ಮತ್ತು ತನ್ವೀರ್ ಭವನದ ಸುತ್ತ ಓಡತೊಡಗಿದರು, ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಸಮಪಾಲು ಅಧ್ಯಕ್ಷರಿಗೂ ಸಿಕ್ಕಿತ್ತು. ಶಿವನಂಜಪ್ಪನವರು ಕುರ್ಚಿಯಿಂದ ಚಿಮ್ಮಿ ಮೈಕು ಹಿಡಿದರು.

"ಏನೇನು ಬಾಕಿ ಇದೆ ಹೇಳ್ರೀ! ಎಂಟನೇ ಕ್ರಾಸಿಗೆ ಬೀದಿದೀಪ? ಹಾಕ್ಸಿ! ನೀರಿನ ಟ್ಯಾಂಕು? ತೊಳೆಸಿ! ಉದ್ಯಾನ? ಇಲ್ವಾ? ಹಾಗಾದ್ರೆ ಹೆಸರು ಬೇಡ! ಮುಂದೆ?"

"ಮಹಡಿ ಕೊಠಡಿ ಸಾರ್!" ವಾರಿಜಾ ಕಿರುಚಿದಳು.

"ಕೊಟ್ಟೆ! ಹಂಡೆ ಕೊಪ್ಪರಿಗೆ ನಮ್ಮನೇಲಿರ್ಲಿ! ಯಂತ್ರ ಆ ಕೊಠಡಿಯಲ್ಲೇ ಶಾಶ್ವತವಾಗಿರ್ಲಿ! ಅದಿಲ್ದೆ ಅಲ್ಲಿ ಯಾರೂ ಆಡೋ ಹಾಗಿಲ್ಲ! ತಂಡದ ನಾಯಕ ನಾನೇ!"

ಚುರುಕು ಅಷ್ಟಕ್ಕೆ ಮುಗಿಯಿತು. ಅವರು ಮೆಲ್ಲಗೆ ಕೂತು, ತಾವು ಹೇಳಿದ್ದೇನೆಂದು ಯೋಚಿಸಲು ಶುರುಮಾಡಿದರು. ಅದನ್ನು ಹಿಂತೆಗೆದುಕೊಳ್ಳಬೇಕೆಂದು ಅವರಿಗೆ ಹೊಳೆಯುವ ಮೊದಲೇ ಹುಡುಗರು ಕಂಪ್ಯೂಟರುಗಳನ್ನು ಮಹಡಿಗೆ ಸಾಗಿಸಿಯಾಗಿತ್ತು. ಜಗಳವೂ ನಡೆಯಲಿಲ್ಲ. ಜಗಳವಾಡಲು ಯಾರಿಗೂ ಉಸಿರಿರಲಿಲ್ಲ.

ವಾರಿಜಾ ಕೊಠಡಿಯ ಬಾಗಿಲಿಗೆ ತಾನೇ ಮಾವಿನ ತೋರಣ ಕಟ್ಟಿದಳು. ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಆರಂಭದ ದಿನ ಹೊಸ ನಾಯಕರಾದ ಶಿವನಂಜಪ್ಪನವರು ಎಲ್ಲರಿಗಿಂತ ಮೊದಲು ಬಂದು, ಮಣಿಕಟ್ಟಿಗೆ ಪಟ್ಟಿ ಬಿಗಿಸಿಕೊಂಡು, ಕೋಟೆಯ ಉಳಿದ ಚರಂಡಿಗಳನ್ನು ಪರಿಶೀಲಿಸಲು ಕೂತರು. ಹುಡುಗರೂ ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತರು. ಜಾಗ ಸಿಗದೆ ಬಾಗಿಲಲ್ಲೇ ನಿಂತ ತನ್ವೀರ್, ಆ ಸಂಜೆಯೂ ಅದರ ಮರುದಿನದ ಸಂಜೆಯೂ ಅವಳನ್ನು ಇದನ್ನೇ ಕೇಳಿದ.

"ಅಕ್ಕಾ, ನಮ್ಮ ಪಂದ್ಯ ಯಾವಾಗ?"

"ಅಧ್ಯಕ್ಷರು ಎದ್ದ ಮೇಲೆ," ಎಂದಳು ವಾರಿಜಾ.