ಜಲಜಕ್ಕನ ಮೊಣಕೈ ಮತ್ತು ನನ್ನ ಧಕ್ಕಾ

"ಗೊತ್ತಿಲ್ಲ" ಎನ್ನುವ ಒಂದು ಮಾತನ್ನು ಸಮಯಕ್ಕೆ ಸರಿಯಾಗಿ ಆಡಲು ಬಂದಿದ್ದರೆ ನಾನು ಇಷ್ಟು ಹೊತ್ತಿಗೆ ನೆಮ್ಮದಿಯಾಗಿರುತ್ತಿದ್ದೆ. ಆ ಮಾತು ಗಂಟಲವರೆಗೆ ಬರುತ್ತದೆ. ನಾಲ್ಕು ಜನ ನೋಡುತ್ತಿದ್ದಾರೆಂದು ತಿಳಿದ ಕೂಡಲೇ ಹಿಂದಕ್ಕೆ ಹೋಗಿ ಕೂರುತ್ತದೆ. ನವಿ ಮುಂಬಯಿ ಕೋಪರಖೈರಣೆಯ ನಮ್ಮ ಕನ್ನಡ ಸಂಘದ ಮೀಟಿಂಗಿನಲ್ಲಿ ಅಧ್ಯಕ್ಷರು, "ಈ ಸಲದ ಆಟೋಟದಲ್ಲಿ ಹೆಂಗಸರಿಗೂ ಗುಂಡು ಎಸೆತ ಇಡೋಣ, ಕಲಿಸುವವರು ಯಾರಾದರೂ ಇದ್ದೀರಾ?" ಎಂದಾಗಲೂ ಹೀಗೇ ಆಯಿತು. "ವಿಜಯಪುರದಲ್ಲಿ ಕಾಲೇಜು ಓದುವಾಗ ಮೂರು ವರ್ಷ ಗುಂಡಿನ ಸಹವಾಸದಲ್ಲೇ ಇದ್ದೆ" ಎಂದುಬಿಟ್ಟೆ. ನನ್ನ ಹೆಂಡತಿ ಶಾರದೆ ಥಟ್ಟನೆ ತಿರುಗಿ ನೋಡಿದಳು. ಅವಳಿಗೆ ಹೊಳೆದದ್ದು ಬಾಟಲಿಯ ಗುಂಡು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗುಂಡು ಬಿದ್ದ ಜಾಗದಲ್ಲಿ ಟೇಪಿನ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂರುವ ಕೆಲಸ ಮೂರು ವರ್ಷವೂ ನನ್ನದೇ ಆಗಿತ್ತು. ಗುಂಡನ್ನು ಮಾತ್ರ ಒಮ್ಮೆಯೂ ಎಸೆದವನಲ್ಲ.

ಆದರೆ ಪಿ.ಟಿ. ಮಾಸ್ತರರು ಹುಡುಗರಿಗೆ ಬೈದದ್ದನ್ನೆಲ್ಲ ಕೇಳಿಸಿಕೊಂಡಿದ್ದರಿಂದ ಶಾಸ್ತ್ರ ಬಾಯಿಪಾಠವಿತ್ತು. ಗುಂಡು ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಗದ್ದದ ಕೆಳಗೆ ಕತ್ತಿಗೆ ಒತ್ತಿಕೊಂಡಿರಬೇಕು. ಮೊಣಕೈ ಎತ್ತರದಲ್ಲಿರಬೇಕು. ಶಕ್ತಿ ಕಾಲಿನಿಂದ ಹೊರಟು, ಸೊಂಟ ತಿರುಗಿಸಿ, ಕೊನೆಗೆ ಕೈಗೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಇದು ಎಸೆಯುವ ಆಟವೇ ಅಲ್ಲ, ದೂಡುವ ಆಟ. ಚೆಂಡಿನ ಹಾಗೆ ಬೀಸಿ ಎಸೆದರೆ ಮೊಣಕೈ ಕಥೆ ಮುಗಿದಂತೆ. ಇದಕ್ಕೆ ಗುಂಡು ಎಸೆತ ಎಂದು ಹೆಸರಿಟ್ಟ ಪುಣ್ಯಾತ್ಮರು ಸಿಕ್ಕರೆ ನನ್ನ ಸಂಕಟ ಹೇಳಿಕೊಳ್ಳಬೇಕು ಅಂತಿದ್ದೇನೆ.

ಕಲಿಯಲು ಬಂದವರು ಐದು ಜನ. ಅವರಲ್ಲಿ ನನ್ನ ನೆಮ್ಮದಿ ಕೆಡಿಸಿದವರು ಜಲಜಕ್ಕ. ಉಡುಪಿ ಕಡೆಯವರು, ಐವತ್ತು ದಾಟಿದವರು, ನಮ್ಮ ಬಿಲ್ಡಿಂಗಿನ ಅಷ್ಟೂ ಮನೆಗಳ ಇಡ್ಲಿ-ದೋಸೆ ಹಿಟ್ಟು ಅವರ ಗ್ರೈಂಡರಿನಿಂದಲೇ ಬರಬೇಕು. ಅವರ ಸಂಸಾರ ನಿಂತಿರುವುದೇ ಆ ಬಲಗೈ ಮೇಲೆ. "ಶಾಲೆಯಲ್ಲಿ ಹುಡುಗರು ಗುಂಡು ಹಿಡಿಯುವಾಗ ನಮ್ಮನ್ನು ಹಗ್ಗದ ಆಚೆ ನಿಲ್ಲಿಸ್ತಿದ್ರು ಮಾಷ್ಟ್ರೇ. ಒಮ್ಮೆಯಾದ್ರೂ ಹಿಡಿದು ನೋಡ್ಬೇಕು ಅಂತ ಆಸೆ ಉಂಟು" ಎಂದರು. ನನ್ನಂಥ ಗುಮಾಸ್ತನನ್ನು ಮಾಷ್ಟ್ರೇ ಎಂದು ಕರೆದರೆ ಯಾರು ತಾನೇ ಕರಗುವುದಿಲ್ಲ? "ನೀವೊಮ್ಮೆ ಮಾಡಿ ತೋರಿಸಿ" ಎಂದಾಗ ಮಾತ್ರ ಬಲಭುಜ ಮುಟ್ಟಿಕೊಂಡು, "ಹಳೇ ನೋವು" ಎಂದೆ. ಎರಡನೆಯ ದಿನವೂ ಅದೇ ನೋವು.

ಥಾಣೆ ಹತ್ತಿರದ ಕಳವಾದಿಂದ ಬರುತ್ತಿದ್ದ ರೇಷ್ಮಾ ಇಲ್ಲೇ ಹುಟ್ಟಿದವಳು, ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. "ದೂಡು" ಎಂದರೆ "ಮತ್ಲಬ್, ಅಂಕಲ್?" ಎಂದಳು. "ಧಕ್ಕಾ!" ಎಂದೆ. ದಿನಾ ಲೋಕಲಿನಲ್ಲಿ ನುಗ್ಗುವ ಹುಡುಗಿ, ಮೊದಲ ಸಲಕ್ಕೇ ಅಚ್ಚುಕಟ್ಟಾಗಿ ದೂಡಿದಳು. ಎಲ್ಲರಿಗೂ ತಿಳಿಯುವ ಮಾತು ಸಿಕ್ಕಿತೆಂದು ಹಿಗ್ಗಿ, ಅವತ್ತಿನಿಂದ ಎಲ್ಲರಿಗೂ "ಧಕ್ಕಾ! ಧಕ್ಕಾ!" ಎಂದು ಕೂಗತೊಡಗಿದೆ.

ಜಲಜಕ್ಕ ಚಂದವಾಗಿ ನಿಲ್ಲುತ್ತಿದ್ದರು. ಗುಂಡು ಕತ್ತಿನಲ್ಲಿ, ಮೊಣಕೈ ಮೇಲೆ, ಎಲ್ಲ ಸರಿ. ನಾನು "ಧಕ್ಕಾ!" ಎಂದ ಕ್ಷಣ ಗುಂಡು ಕಿವಿಯ ಹಿಂದಕ್ಕೆ ಹೋಗಿ, ಕಾಗೆಗೆ ಕಲ್ಲು ಬೀಸಿದಂತೆ ರೊಯ್ಯನೆ ಹೊರಡುತ್ತಿತ್ತು. ನಾನು ಇನ್ನೂ ಗಟ್ಟಿಯಾಗಿ ಧಕ್ಕಾ ಎಂದರೆ ಅವರು ಇನ್ನೂ ಜೋರಾಗಿ ಬೀಸುತ್ತಿದ್ದರು. ಎರಡನೆಯ ವಾರದ ಕೊನೆಗೆ ಮೊಣಕೈ ಉಜ್ಜಿಕೊಳ್ಳುತ್ತ, "ಹಿಟ್ಟಿನ ಪಾತ್ರೆ ಎತ್ತುವಾಗ ಚುಳ್ ಅಂತದೆ ಮಾಷ್ಟ್ರೇ" ಎಂದರು. ಆಮೇಲೆ ನನಗೆ ಆಫೀಸಿನಲ್ಲಿ ಫೈಲು ತೆರೆದರೂ ಅವರ ಮೊಣಕೈಯೇ ಕಾಣುತ್ತಿತ್ತು. ಬೆಳಿಗ್ಗೆ ದೋಸೆಯ ತಟ್ಟೆಯಲ್ಲೂ ಅದೇ. ಮುರಿದರೆ ಆ ಕೈಯನ್ನು ಮುರಿದವನು ನಾನೇ, ಅದೂ ಜಂಬಕ್ಕಾಗಿ.

ಎರಡು ದಿನ ಕಳೆದ ಮೇಲೆ ತಡೆಯಲಾರದೆ, "ಧಕ್ಕಾ ಅಂತ ಇಷ್ಟು ಕೂಗಿದರೂ ಯಾಕೆ ಬೀಸ್ತೀರಿ ಜಲಜಕ್ಕ?" ಎಂದು ಸಿಡುಕಿದೆ.

"ಎಂತ ಮಾರ್ರೆ, ದಕ್ಕ್ ದಕ್ಕ್ ಅಂತ ಬೊಬ್ಬೆ ಹೊಡೆಯುದು ನೀವೇ ಅಲ್ವಾ? ನಮ್ಮ ತುಳುವಿನಲ್ಲಿ ದಕ್ಕ್ ಅಂದ್ರೆ ಬಿಸಾಡು ಅಂತ!"

"ಇಷ್ಟು ವರ್ಷ ಇಲ್ಲಿದ್ದೂ ಧಕ್ಕಾ ಗೊತ್ತಿಲ್ಲವೇ?"

"ಟ್ರೇನಿನ ಧಕ್ಕಾ ಗೊತ್ತುಂಟು. ನನಗೋಸ್ಕರ ಪಾಪ, ಮಾಷ್ಟ್ರು ಒಂದು ತುಳು ಶಬ್ದ ಕಲ್ತಿದ್ದಾರೆ ಅಂತ ಖುಷಿಯಾಗಿತ್ತು."

ನನಗೆ ನಾಚಿಕೆಯಾಯಿತು. ಅವರ ಖುಷಿ ನೋಡಿ ಇನ್ನೂ ಹೆಚ್ಚು ನಾಚಿಕೆಯಾಯಿತು. ನಾಲ್ಕು ದಿನ ಗುಂಡು ಮುಟ್ಟಬಾರದೆಂದು ಹೇಳಿ, ಬರಿಗೈಯಲ್ಲಿ ಗೋಡೆ ದೂಡಿಸಿದೆ. ಗೋಡೆಗೂ ಕೈಗೂ ಏನೂ ಆಗಲಿಲ್ಲ. ಚುಳ್ ಎನ್ನುವುದು ಕಡಿಮೆಯಾಯಿತು.

ಭಾನುವಾರ ಸ್ಪರ್ಧೆ. ಟೇಪಿನ ತುದಿ ಹಿಡಿಯಲು ಯಾರೂ ಮುಂದೆ ಬರದಿದ್ದಾಗ ನಾನೇ ಹೋಗಿ ಕೂತೆ. ಜಲಜಕ್ಕ ವೃತ್ತದಲ್ಲಿ ನಿಂತರು. "ದೂಡಿ ಜಲಜಕ್ಕ!" ಎಂದೆ. ದೂಡಿದರು. ಕಾಲು, ಸೊಂಟ, ಭುಜ, ಕೊನೆಗೆ ಬೆರಳು. ಗುಂಡು ಧೊಪ್ಪನೆ ನನ್ನ ಮುಂದೆ ಬಿತ್ತು. ಎರಡನೆಯ ಬಹುಮಾನ ಬಂತು. ನಾನು ನೋಡಿದ್ದು ಮೊಣಕೈಯನ್ನು ಮಾತ್ರ. ಅದೇ ಕೈ ಎತ್ತಿ ಅವರು ಶಾರದೆಯನ್ನು, "ನಾಳೆಗೆ ಹಿಟ್ಟು ಬೇಕಾ?" ಎಂದು ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಹಿಟ್ಟಿನ ಜೊತೆ ಒಂದು ಬಾಟಲಿ ನೋವಿನೆಣ್ಣೆಯನ್ನೂ ತಂದರು. "ಮಾಷ್ಟ್ರ ಭುಜಕ್ಕೆ."

"ಯಾವ ಭುಜಾರೀ? ನನಗ ಗೊತ್ತೇ ಇಲ್ಲಲ್ಲ!" ಎಂದಳು ಶಾರದೆ. ನನ್ನ ಬಲಗೈಯಲ್ಲಿ ಚಹಾ ಕಪ್ಪು ಇತ್ತು. ಗಡಿಬಿಡಿಯಲ್ಲಿ ಕಣ್ಣಿನಲ್ಲೇ ಎಡಭುಜ ತೋರಿಸಿದೆ.

ಜಲಜಕ್ಕ ನಕ್ಕುಬಿಟ್ಟರು. "ನಿನ್ನೆ ಟೇಪ್ ಹಿಡಿದು ಕೂತದ್ದು ನೋಡುವಾಗ್ಲೇ ನನಗೆ ಗೊತ್ತಾಯ್ತು ಮಾಷ್ಟ್ರೇ, ನೀವು ಗುಂಡಲ್ಲ, ಟೇಪೇ ಹಿಡಿದು ಅಭ್ಯಾಸ ಆದವ್ರು ಅಂತ. ಆದ್ರೂ ದೂಡುದು ನಾನು ನಿಮ್ಮಿಂದಲೇ ಕಲ್ತದ್ದು. ಮೂರು ವಾರ ಎಷ್ಟು ಚಂದ ದಿನ ದೂಡಿದ್ರಿ!"

ನಾನು ಕಪ್ಪು ಕೆಳಗಿಟ್ಟು, ಬಲಗೈ ಚಾಚಿಯೇ ಎಣ್ಣೆ ಬಾಟಲಿ ತೆಗೆದುಕೊಂಡೆ.